ವಲ್ಲಿಯ ಕೆಳಗಿನ ದರ

ಮೊನ್ನೆ ಅಂಗಡಿಯ ಕಪಾಟು ಸರಿಸಿ ಕಸ ಹೊಡೆಯುವಾಗ ಮೂಲೆಯಲ್ಲಿ ಒಂದು ಸ್ಯಾನಿಟೈಸರ್ ಬಾಟಲಿ ಸಿಕ್ಕಿತು. ಮುಚ್ಚಳಕ್ಕೆ ಜೇಡ ಬಲೆ ಕಟ್ಟಿತ್ತು, ತಳದಲ್ಲಿ ಇನ್ನೂ ಒಂಚೂರು ಉಳಿದಿತ್ತು. ಕೆಟ್ಟಿದೆಯೋ ಏನೋ ನೋಡೋಣ ಎಂದು ಅಂಗೈಗೆ ಬಿಟ್ಟುಕೊಂಡೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ದಲಾಲ ಕಾಕಾ ಕಣ್ಣ ಮುಂದೆ ಬಂದು ನಿಂತರು. ಆ ವಾಸನೆಯನ್ನು ಅವರಷ್ಟು ಬೈದವರು ಸಿಂದಗಿಯಲ್ಲೇ ಇರಲಿಕ್ಕಿಲ್ಲ. ಕೈಗೆ ಹಚ್ಚಿಕೊಂಡಾಗಲೆಲ್ಲ ಮುಖ ಸಿಂಡರಿಸಿ, "ಎತ್ತಿನ ಮೈ ವಾಸನಿ ಹೋಗಿ ದವಾಖಾನಿ ವಾಸನಿ ಬಂತಲ್ಲಪಾ" ಎಂದು ಗೊಣಗುತ್ತಿದ್ದರು.

ಕಾಕಾ ದನದ ಸಂತೆಯಲ್ಲಿ ದಲಾಲರಾಗಿದ್ದರು. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯವಹಾರ ಕುದುರಿಸುವ ಕೆಲಸ. ಆದರೆ ದರವನ್ನು ಬಾಯಿಂದ ಹೇಳುವಂತಿಲ್ಲ. ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಟವೆಲ್ಲನ್ನು, ಇಬ್ಬರ ಕೈಗಳ ಮೇಲೆ ಹಾಸಿ ಅದರ ಕೆಳಗೆ ಬೆರಳು ಹಿಡಿದು ಮಾತಾಡಬೇಕು. ಎಷ್ಟು ಬೆರಳು ಹಿಡಿದರೆ ಅಷ್ಟು. ಬೆರಳಿನ ನಡು ಗೆಣ್ಣಿಗೆ ಒತ್ತಿದರೆ ಅರ್ಧ. ಮೊದಲು ಮಾರುವವನ ಕೈ, ಆಮೇಲೆ ಕೊಳ್ಳುವವನ ಕೈ, ಮತ್ತೆ ಇವನದು, ಮತ್ತೆ ಅವನದು… ಸುತ್ತ ಜನ ಮುತ್ತಿಕೊಂಡು ನಿಂತರೂ ಒಬ್ಬರಿಗೂ ಸುಳಿವು ಸಿಗುತ್ತಿರಲಿಲ್ಲ. ಒಮ್ಮೆ ಬಾಯಿಬಿಟ್ಟು ದರ ಹೇಳಿದ ದಲಾಲನ ಕೈಯನ್ನು ಆಮೇಲೆ ಯಾರೂ ಹಿಡಿಯುವುದಿಲ್ಲ ಎಂಬುದು ಸಂತೆಯ ಕಟ್ಟಳೆ. ಕಾಕಾನ ಕೈಯ ಮೇಲೆ ಜನಕ್ಕೆ ಎಂಥ ನಂಬಿಕೆ ಎಂದರೆ, ಇಂಡಿಯಿಂದ, ಮುದ್ದೇಬಿಹಾಳದಿಂದ ಬಂದವರೂ ಅವರು ಸಂತೆಗೆ ಬರುವ ತನಕ ಎತ್ತಿನ ಹಗ್ಗ ಹಿಡಿದು ಕಾಯುತ್ತ ನಿಲ್ಲುತ್ತಿದ್ದರು.

ನಾನು ತಾಂಬಾದವಳು, ಮದುವೆಯಾಗಿ ಸಿಂದಗಿಗೆ ಬಂದೆ. ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಆನ್‌ಲೈನ್ ಸೆಂಟರ್. ಝೆರಾಕ್ಸು, ಪಹಣಿ, ಅರ್ಜಿ, ರೀಚಾರ್ಜು. ಮಾತಿನಲ್ಲಿ ಸುಲಭಕ್ಕೆ ಬಿಟ್ಟುಕೊಡುವವಳಲ್ಲ. ನಮ್ಮ ಅತ್ತೆ ಇದ್ದಾಗ, ಇವಳ ನಾಲಿಗೆಗೆ ಒಂದು ಮೂಗುದಾರ ಹಾಕಬೇಕು ಅನ್ನುತ್ತಿದ್ದರು. ನಮ್ಮ ಮನೆಗೂ ಕಾಕಾನ ಮನೆಗೂ ಸೇರಿ ಒಂದೇ ಕಟ್ಟೆ. ಬೆಳಿಗ್ಗೆ ನಾನು ಈ ಕಡೆ, ಕಾಕಾ ಆ ಕಡೆ ಕೂತು ಚಹಾ ಕುಡಿಯುತ್ತ ವಾದ ಮಾಡದಿದ್ದರೆ ಇಬ್ಬರಿಗೂ ಚಹಾ ಇಳಿಯುತ್ತಿರಲಿಲ್ಲ.

ಲಾಕ್‌ಡೌನ್‌ನಲ್ಲಿ ದನದ ಸಂತೆ ಬಂದ್ ಆಯಿತು. ಮಾರಬೇಕಾದವರ ಎತ್ತು ಕೊಟ್ಟಿಗೆಯಲ್ಲೇ ಉಳಿದವು. ಆಗ ನಾನೇ ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿದೆ. ಎತ್ತಿನ ಫೋಟೋ, ಹಲ್ಲು ಎಷ್ಟು, ಯಾವ ಊರು, ರೇಟು ಎಷ್ಟು, ಎಲ್ಲ ಅದರಲ್ಲಿ ಹಾಕುವುದು. ಒಂದೊಂದು ಫೋಟೋಕ್ಕೆ ನನಗೂ ಚಹಾದ ಖರ್ಚಿನಷ್ಟು ಸಿಗುತ್ತಿತ್ತು. ಸಂತೆ ಮತ್ತೆ ಶುರುವಾದ ಮೇಲೂ ಗ್ರೂಪ್ ನಿಲ್ಲಲಿಲ್ಲ, ಇನ್ನಷ್ಟು ಬೆಳೆಯಿತು. ಅಲ್ಲಿ ಬೆಳೆದಷ್ಟೂ ಇಲ್ಲಿ ಕಾಕಾನ ಕೈಗೆ ಕೆಲಸ ಕಡಿಮೆಯಾಗುತ್ತ ಹೋಯಿತು. ಆ ಮನುಷ್ಯನಿಗೆ ಹೊಲ ಇರಲಿಲ್ಲ, ಬೇರೆ ಕಸುಬು ಗೊತ್ತಿರಲಿಲ್ಲ. ಇದ್ದದ್ದೆಲ್ಲ ಆ ವಲ್ಲಿಯ ಕೆಳಗೇ ಇತ್ತು. ಆದರೂ ಅವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ವಾದ ಮಾಡಿದರು.

"ಯವ್ವಾ, ರೇಟು ಅನ್ನೂದು ಇಬ್ಬರ ನಡುವಿನ ಮಾತು. ಮೂರನೇದಾಂವಗ ಗೊತ್ತಾತಂದ್ರ ಅದು ರೇಟಲ್ಲ, ಸುದ್ದಿ. ಅಂವಾ ಎತ್ತು ಅಗ್ಗಕ್ಕ ಕೊಟ್ಟಾನ ಅಂತ ಊರಾಗ ನಗತಾರ."

"ನಗ್ಲಿ ಬಿಡ್ರಿ ಕಾಕಾ. ಎಲ್ಲಾರಿಗೂ ಗೊತ್ತಿದ್ರ ಇನ್ನೊಬ್ಬಾಂವ ಬಂದು ಹೆಚ್ಚಿಗಿ ಕೇಳ್ತಾನ. ಮುಚ್ಚಿಟ್ಟ್ರ ಯಾರಿಗ್ರಿ ಲಾಭ? ನಿಮಗ."

"ನನಗ ಲಾಭ ಆಗಿದ್ರ ಈ ತಗಡು ಹೋಗಿ ಸ್ಲ್ಯಾಬ್ ಬಂದಿರತಿತ್ತು, ನೋಡು ಮ್ಯಾಲ" ಎಂದು ಚಾವಣಿಯ ಕಡೆ ಕೈ ತೋರಿಸಿ ನಗುತ್ತಿದ್ದರು.

ಸರ್ಕಾರದ ಮೇಲೂ ಅವರದು ದೊಡ್ಡ ತಕರಾರು. ದಾರೂ ಅಂಗಡಿ ತೆರೆಸಿದವರಿಗೆ ದನದ ಸಂತೆ ಯಾಕೆ ನೆನಪಾಗಲಿಲ್ಲ ಎಂದು ಕೇಳುವರು. ಸಂತೆ ತೆರೆದಿದ್ದರೆ ಅರ್ಧ ಸಂತೆ ದವಾಖಾನೆ ಸೇರುತ್ತಿತ್ತು ಎಂದು ನಾನು. ಪುಣೆಯಿಂದ ವಾಪಸ್ ಬಂದ ಹುಡುಗರು ಇಲ್ಲೇ ಉಳಿಯಬೇಕು ಎಂದು ಅವರು. ಕೂಲಿ ಎಲ್ಲಿ ಹೆಚ್ಚೋ ಅಲ್ಲಿಗೆ ಹೋಗಲಿ, ತಡೆಯುವವರು ಯಾರು ಎಂದು ನಾನು. ಇಷ್ಟರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಒಳಗಿನಿಂದ ಅಕ್ಕಿ ಆರಿಸುವ ಮೊರ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಇಬ್ಬರೂ ಬಾಯಿ ಮುಚ್ಚಿ ಉದ್ಯೋಗ ಖಾತ್ರಿಗೆ ಬರ್ರಿ. ಕೆರಿ ಹೂಳ ತಗದ್ರ ಕೂಲಿ ಸೀದಾ ಖಾತೆಗೆ ಬರ್ತೈತಿ. ನಾ ಹೊಂಟೇನಿಲ್ಲೋ?" ಕಾಕುವಿನ ಆರ್ಥಿಕ ನೀತಿ ಅಷ್ಟೇ. ಅದರ ಮುಂದೆ ನಮ್ಮಿಬ್ಬರದೂ ನಡೆಯುತ್ತಿರಲಿಲ್ಲ.

ಸಂತೆ ಮತ್ತೆ ಶುರುವಾದ ಹೊಸತರಲ್ಲಿ ಒಂದು ನಿಯಮ ಬಂತು. ಬರಿಗೈಯಲ್ಲಿ ಕೈ ಹಿಡಿಯಬಾರದು, ಗ್ಲೌಸ್ ಹಾಕಿಕೊಂಡೇ ಮಾತಾಡಬೇಕು. ಕಾಕಾನಿಗೆ ಸಿಕ್ಕ ರಬ್ಬರ್ ಗ್ಲೌಸು ಅವರ ಕೈಗಿಂತ ದೊಡ್ಡದು. ಬೆರಳಿನ ತುದಿಗಳು ಮುಂದೆ ಜೋಲಾಡುತ್ತಿದ್ದವು. "ಏನ್ರಿ ಕಾಕಾ, ಕೈಯಾಗ ಕೆಚ್ಚಲ ಹಿಡಕೊಂಡು ಹೊಂಟೀರಿ" ಎಂದು ನಾನು ಚೇಷ್ಟೆ ಮಾಡಿದ್ದೆ. ಅವರೂ ನಕ್ಕರು.

ಆ ಸಂತೆಗೆ ನಾನೂ ಹೋಗಿದ್ದೆ, ಗ್ರೂಪಿಗೆ ಹಾಕಲು ಫೋಟೋ ಹೊಡೆಯುವುದಿತ್ತು. ಮೋರಟಗಿಯ ಒಬ್ಬ ತರುಣ ಜೋಡೆತ್ತು ತಂದಿದ್ದ. ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದು, ಲಾಕ್‌ಡೌನ್‌ನಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬಂದವನು. ಇನ್ನು ಊರು ಬಿಡುವುದಿಲ್ಲ, ಎತ್ತು ಮಾರಿ ಒಂದು ಹಳೆಯ ಟಂಟಂ ಆಟೋ ಕೊಂಡು ಮೋರಟಗಿ–ಸಿಂದಗಿ ನಡುವೆ ಓಡಿಸುತ್ತೇನೆ ಎಂದು ಎಲ್ಲರಿಗೂ ಹೇಳುತ್ತಿದ್ದ. ದರ ಅಷ್ಟು ಬಂದರೆ ಗಾಡಿ, ಬರದಿದ್ದರೆ ಮತ್ತೆ ಪುಣೆ. ಬಸವನ ಬಾಗೇವಾಡಿ ಕಡೆಯ ಒಬ್ಬ ಸಾಹುಕಾರ ಎತ್ತನ್ನು ನಡೆಸಿ ನೋಡಿ ಮೆಚ್ಚಿದ. ಕಾಕಾ ನಡುವೆ ನಿಂತು ವಲ್ಲಿ ಹಾಸಿದರು. ಇವನ ಕೈ, ಅವನ ಕೈ, ಮತ್ತೆ ಇವನ ಕೈ… ಕೊನೆಗೆ ಇಬ್ಬರೂ ತಲೆಯಾಡಿಸಿದರು. ಸಾಹುಕಾರ ದುಡ್ಡು ಎಣಿಸಿ ಕೊಟ್ಟ. ತರುಣ ಎಣಿಸಿ ನೋಡಿದರೆ ಕಡಿಮೆ!

ಆದದ್ದು ಇಷ್ಟೇ. ಸಾಹುಕಾರ ಕೊನೆಯಲ್ಲಿ ಒತ್ತಿದ್ದು ನಡು ಗೆಣ್ಣಿಗೆ, ಅರ್ಧ. ಜೋಲು ಗ್ಲೌಸಿನೊಳಗೆ ಕಾಕಾನಿಗೆ ಅದು ಪೂರ್ತಿ ಬೆರಳು ಹಿಡಿದ ಹಾಗೆ ಅನಿಸಿದೆ. ಅಷ್ಟೇ ದರ ಈ ಕಡೆಯವನಿಗೆ ದಾಟಿಸಿದ್ದಾರೆ. ಸಾಹುಕಾರ ಸುಳ್ಳು ಹೇಳುತ್ತಿರಲಿಲ್ಲ, ಮೋರಟಗಿಯವನೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲರ ಕಣ್ಣೂ ಕಾಕಾನ ಮೇಲೆ.

ಇಂಥ ತಕರಾರು ಬಂದರೆ ದಲಾಲರು ಏನು ಮಾಡುತ್ತಾರೆಂದು ಸಂತೆಗೆ ಹೋಗುವವರಿಗೆಲ್ಲ ಗೊತ್ತು. ಇನ್ನೊಮ್ಮೆ ವಲ್ಲಿ ಹಾಸಿ, ಮಾರಲೇಬೇಕಾದ ಗರಜು ಇದ್ದವನ ಕೈ ಒತ್ತಿ ಒತ್ತಿ ಒಪ್ಪಿಸಿಬಿಡುತ್ತಾರೆ. ಒಳಗೆ ಏನಾಯಿತೆಂದು ಯಾರಿಗೂ ತಿಳಿಯದು, ದಲಾಲನ ಹೆಸರೂ ಕೆಡದು. ಕಾಕಾ ವಲ್ಲಿ ಕೈಗೆ ತೆಗೆದುಕೊಂಡರು. ಹಾಸಿಯೇ ಬಿಟ್ಟರು ಅಂದುಕೊಂಡೆ. ಹಾಸಲಿಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡರು. ಎರಡೂ ಗ್ಲೌಸು ಕಿತ್ತು ಜೇಬಿಗೆ ತುರುಕಿದರು. "ಕೇಳ್ರಪಾ ಎಲ್ಲಾರೂ" ಎಂದು ಕೂಗಿ, ಸಾಹುಕಾರ ಒತ್ತಿದ್ದು ಇಷ್ಟು, ನಾನು ಈ ಹುಡುಗನಿಗೆ ಹೇಳಿದ್ದು ಇಷ್ಟು ಎಂದು ಎರಡೂ ದರವನ್ನು ಬಾಯಿಬಿಟ್ಟು ಹೇಳಿದರು. "ತಪ್ಪು ನಂದು. ಅವರಿಬ್ಬರದೂ ಏನೂ ತಪ್ಪಿಲ್ಲ."

ಅಬ್ಬಾ, ಸಂತೆಯ ಕಟ್ಟಳೆ ಮುರಿದೇ ಬಿಟ್ಟರು! ಆಮೇಲೆ ಇಂಡಿ ಕಡೆಯ ಒಬ್ಬ ಹಿಂದಿನಿಂದ, "ಆ ದೊಡ್ಡ ರೇಟಿಗೆ ನಾ ಒಯ್ತೇನಿ" ಎಂದ. ಬಾಗೇವಾಡಿಯ ಸಾಹುಕಾರನಿಗೆ ಮೂಗಿನ ಮೇಲೆ ಸಿಟ್ಟು ಬಂತು, ಇನ್ನೂ ಹೆಚ್ಚಿನ ದರ ಕೂಗಿದ. ಅವನಿಗಿಂತ ಇವನು, ಇವನಿಗಿಂತ ಅವನು. ಕಡೆಗೆ ಸಾಹುಕಾರನೇ ಎತ್ತು ಹೊಡೆದುಕೊಂಡು ಹೋದ. ಮೋರಟಗಿಯವನಿಗೆ ತಾನು ಬಾಯಿಬಿಟ್ಟು ಕೇಳಲು ಹೆದರುವಷ್ಟು ದರ ಬಂತು. ನಾನು ಇಷ್ಟು ದಿನ ಕಟ್ಟೆಯ ಮೇಲೆ ಕೂತು ಬಡಕೊಂಡದ್ದು ಅದನ್ನೇ ಅಲ್ಲವೇ? ಕುಣಿಯಬೇಕಿತ್ತು ನಾನು. ಆದರೆ ಕಾಕಾನ ಕಡೆ ನೋಡಿದೆ. ಅವರು ಖಾಲಿ ಕೈಗಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಸಂತೆಯ ಅಂಚಿನ ಬೇವಿನ ಮರದ ಕಡೆ ಹೊರಟಿದ್ದರು.

ಮುಂದಿನ ಸಂತೆಯ ದಿನ ಕಾಕಾ ಕಟ್ಟೆಯ ಮೇಲೇ ಇದ್ದರು. "ಯಾಕ್ರಿ, ಸಂತಿಗೆ ಹೋಗಲಿಲ್ಲೇನ್ರಿ?" ಎಂದೆ. "ಇನ್ನ ನನ್ನ ಕೈ ಯಾರ ಹಿಡೀತಾರವಾ" ಎಂದರು. ಸುಳ್ಳು, ಹಿಡಿಯುವವರು ಇದ್ದರು. ಹಳೆಯ ಗಿರಾಕಿಗಳು ಮನೆತನಕ ಬಂದು, ಆದದ್ದು ಆಯಿತು, ಗ್ಲೌಸಿನ ತಪ್ಪು, ನಡೀರಿ ಎಂದು ಕರೆದರು. ನಾನೂ ಕರೆದೆ. ದರ ಎಲ್ಲರಿಗೂ ಕಾಣಬೇಕು ಎಂದು ಬಾಯಿ ಬಡಿದುಕೊಂಡವಳು, "ವಲ್ಲಿ ಹಾಕ್ಕೊಂಡು ಹೋಗ್ರಿ ಕಾಕಾ" ಎಂದು ಅಂಗಲಾಚಿದೆ. ಅವರು ಏಳಲಿಲ್ಲ. ಬೇರೆಯವರು ಈ ಕಟ್ಟಳೆ ಮುರಿದಿದ್ದರೆ ನಾನೂ ಅವರ ಕೈ ಹಿಡಿಯುತ್ತಿರಲಿಲ್ಲ ಎಂದಷ್ಟೇ ಹೇಳಿದರು.

ಕೆಲವು ದಿನ ನನ್ನ ಅಂಗಡಿಗೆ ಬಂದು ಕೂತರು. ಎತ್ತಿನ ಫೋಟೋ ನೋಡಿ ಅವರು ಹೇಳುವುದು, ನಾನು ಟೈಪ್ ಮಾಡುವುದು ಎಂದು ನಾನೇ ಒಂದು ಏರ್ಪಾಟು ಮಾಡಿದ್ದೆ. "ಫೋಟೋದಾಗ ನಿಂತದ್ದು ಕಾಣ್ತೈತಿ, ನಡಿಗಿ ಕಾಣಂಗಿಲ್ಲಲ್ಲ" ಎನ್ನುತ್ತ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಿದ್ದರು. ಬೇಸರವಾಗಿರಬೇಕು, ಬರುವುದು ನಿಲ್ಲಿಸಿದರು. ಹೆಚ್ಚು ದಿನ ಬದುಕಲೂ ಇಲ್ಲ. ಮಹಾಮಾರಿಯಲ್ಲ, ಅದು ದಾಟಿ ಹೋಗಿತ್ತು. ಒಂದು ಚಳಿಗಾಲ ಸಣ್ಣ ಜ್ವರ ಬಂತು, ಹೋದರು…

ಮಣ್ಣಿಗೆ ದನದ ಸಂತೆಯ ದಲಾಲರೆಲ್ಲ ಬಂದಿದ್ದರು, ಅವರೊಂದಿಗೆ ಮಾತು ಬಿಟ್ಟಿದ್ದವರೂ ಬಂದಿದ್ದರು. ಒಬ್ಬೊಬ್ಬರೇ ಹತ್ತಿರ ಕೂತು, ಮೇಲೆ ಹೊದಿಸಿದ್ದ ಶಾಲಿನ ಕೆಳಗೆ ಕೈ ಹಾಕಿ ಕಾಕಾನ ಕೈ ಹಿಡಿದರು. ಬೆರಳುಗಳಲ್ಲಿ ಏನೋ ಒತ್ತಿದರು, ಎದ್ದು ಹೋದರು. ಕಾಕು ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದರು. ಕೊನೆಗೆ ನಾನೂ ಹೋಗಿ ಕೂತು ಶಾಲಿನ ಕೆಳಗೆ ಕೈ ಹಾಕಿದೆ. ನನಗೆ ಆ ಬೆರಳಿನ ಮಾತು ಬರುತ್ತಿರಲಿಲ್ಲ. ಸುಮ್ಮನೆ ಆ ತಣ್ಣನೆಯ ಕೈ ಹಿಡಿದುಕೊಂಡು ಕೂತೆ.

ಈಗ ಸಂತೆಯಲ್ಲಿ ವಲ್ಲಿ ಹಾಸುವವರು ಬಹಳ ಕಡಿಮೆ. ಮುದ್ದೇಬಿಹಾಳದಲ್ಲಿ ಎತ್ತಿಗೆ ಎಷ್ಟು ದರ ಎಂದು ಇಲ್ಲಿ ಕೂತವನಿಗೂ ಆ ಕ್ಷಣಕ್ಕೇ ಗೊತ್ತಾಗುತ್ತದೆ. ಮಾರುವವರಿಗೆ ನಾಲ್ಕು ಕಾಸು ಹೆಚ್ಚೇ ಸಿಗುತ್ತಿದೆ. ಮೋರಟಗಿಯವನ ಟಂಟಂ ದಿನಾ ನನ್ನ ಅಂಗಡಿಯ ಮುಂದೆಯೇ ನಿಂತು ಮಂದಿ ಹತ್ತಿಸಿಕೊಳ್ಳುತ್ತದೆ. ನನ್ನ ವಾದವೇ ಸರಿ ಇತ್ತು, ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಕೇಳುವವರು ಯಾರು? ಬೆಳಿಗ್ಗೆ ಚಹಾ ಹಿಡಿದು ಕಟ್ಟೆಗೆ ಬರುತ್ತೇನೆ. ಆ ಕಡೆಯಿಂದ ಒಬ್ಬರಾದರೂ "ಅಲ್ಲವಾ, ನೀ ಹೇಳೂದು ತಪ್ಪೈತಿ" ಎನ್ನಲಿ ಎಂದು ಕಾಯುತ್ತ ಕೂರುತ್ತೇನೆ. ಚಹಾ ಆರಿಹೋಗುತ್ತದೆ.