ದಸ್ತಗೀರ್ ಸಾಹೇಬರ ಸುಣ್ಣದ ಗೋಡೆ
ಮಾನ್ವಿ ಪುರಸಭೆಯ ಓವರ್ಸಿಯರ್ ಗುಲಾಮ್ ದಸ್ತಗೀರ್ ಸಾಹೇಬರು ಮದುವೆಯೂಟಕ್ಕೂ ಸಂತೆಚೌಕದ ನಕ್ಷೆಯನ್ನು ಕಂಕುಳಲ್ಲಿಟ್ಟುಕೊಂಡೇ ಬರುತ್ತಿದ್ದರು. ಸಣ್ಣ ಊರುಗಳ ಪೇಟೆ ಸುಧಾರಣೆಗೆಂದು ಮಂಜೂರಾದ ಸರ್ಕಾರದ ಅನುದಾನ ಪ್ರತಿ ಮಾರ್ಚಿಗೂ ಬಳಕೆಯಾಗದೆ ವಾಪಸ್ಸಾಗುತ್ತಿತ್ತು. ಏಪ್ರಿಲ್ ಬಂತೆಂದರೆ ಇವರು ಚೌಕದಲ್ಲಿ ಮತ್ತೆ ಸುಣ್ಣದ ಗೆರೆ ಎಳೆದು, ಇಲ್ಲಿ ನಳ, ಇಲ್ಲಿ ಕಾಯಿಪಲ್ಲೆ ಕಟ್ಟೆ, ಇಲ್ಲಿ ಹೆಂಗಸರು ಕೂಡುವ ಕೋಣೆ ಎಂದು ತೋರಿಸುತ್ತಿದ್ದರು. ಗೆರೆ ತುಳಿದರೆ ಮಾತ್ರ ಬಿಡುತ್ತಿರಲಿಲ್ಲ. "ಏ ಬಂಡೆಮ್ಮ, ಗ್ವಾಡಿ ಹಾಯ್ದು ಹೊಂಟೀಯಲ್ಲಬೇ, ಬಾಗಿಲದಾಗ ಬಾ!" "ನಿಮ್ಮ ಗ್ವಾಡಿ ನನ್ನ ಆಡಿಗೆ ಕಾಣಂಗಿಲ್ರೀ ಸಾಹೇಬ್ರ," ಎಂದು ಆಡು ಕಾಯುವ ಬಂಡೆಮ್ಮ ನಗುವಳು. ನನಗೆ ಮಾತ್ರ ಒಮ್ಮೆ ನಗು ಬರಲಿಲ್ಲ. ಒಂದು ಉರಿಬಿಸಿಲಿನ ಮಧ್ಯಾಹ್ನ ಜ್ವರದ ಮಗುವನ್ನೆತ್ತಿಕೊಂಡು ಅದೇ ಚೌಕದಲ್ಲಿ ರಾಯಚೂರು ಬಸ್ಸಿಗೆ ಕಾಯುತ್ತಿದ್ದೆ. "ಹೆಂಗಸರ ಕೋಣಿ ಬಾಗಿಲಾ ಈ ಕಡಿ ಅದ ಯವ್ವಾ," ಎಂದರು ಸಾಹೇಬರು. "ಸುಣ್ಣದ ಗೆರಿ ನೆರಳು ಕೊಡ್ತದೇನ್ರೀ?" ಎಂದು ಜನರೆದುರೇ ಕೂಗಿಬಿಟ್ಟೆ. ಅವರು ನಕ್ಷೆ ಬಿಚ್ಚಿ, ಬಸ್ಸು ಬರುವವರೆಗೂ ಅದನ್ನು ಎರಡೂ ಕೈಯಲ್ಲಿ ಮಗುವಿನ ತಲೆಯ ಮೇಲೆ ಹಿಡಿದು ನಿಂತರು. ಬಸ್ಸು ಹತ್ತುವ ಗಡಿಬಿಡಿಯಲ್ಲಿ ನಾನು ತಿರುಗಿಯೂ ನೋಡಲಿಲ್ಲ. ಮಗು ಗುಣವಾಗಿ ಹಿಂದಿರುಗುವಷ್ಟರಲ್ಲಿ ಅವರು ನಿವೃತ್ತರಾಗಿ ಊರು ಬಿಟ್ಟಿದ್ದರು. ಗೆರೆ ಮಳೆಗೆ ತೊಳೆದುಹೋಗಿದೆ. ನಾನು ಮಾತ್ರ ಈಗಲೂ ಚೌಕ ದಾಟುವಾಗ ಆ ಬಾಗಿಲಿದ್ದ ಕಡೆಯಿಂದಲೇ ಸುತ್ತಿ ಬರುತ್ತೇನೆ.