ಕೊಡೆ ಬ್ಯಾಂಡಿನ ಜೊತೆ ಮೂರು ಊರು

ಅಕ್ಟೋಬರಿನ ಒಂದು ಶುಕ್ರವಾರ ಮಧ್ಯಾಹ್ನ ಸೆಂಟರ್‌ವಿಲ್‌ನ ನಮ್ಮ ಮನೆಯಿಂದ ಬಾಡಿಗೆ ವ್ಯಾನು ಹೊರಟಿತು. ಹಿಂದೆ ನನ್ನ ಸ್ಪೀಕರುಗಳು, ಮಿಕ್ಸರು, ವೈರಿನ ಸುರುಳಿಗಳು, ಒಂದು ಡಬ್ಬಿ ಚಪಾತಿ, ಇನ್ನೊಂದು ಡಬ್ಬಿ ಪುಳಿಯೋಗರೆ. ಓಡಿಸುತ್ತಿದ್ದವನು ನನ್ನ ಮೈದುನ ಮಂಜು. ವಾರದ ದಿನಗಳಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಶನಿವಾರ, ಭಾನುವಾರ ಬಂದರೆ ನಮ್ಮ ಕನ್ನಡ ಕೂಟದ ಮೈಕು, ಸ್ಪೀಕರು ಎಲ್ಲ ನನ್ನ ಸುಪರ್ದಿಗೆ. ಯುಗಾದಿ ಕಾರ್ಯಕ್ರಮದಲ್ಲಿ ಮೈಕು ಕಿರುಚದಂತೆ ನೋಡಿಕೊಳ್ಳುವುದರಲ್ಲಿ ಈ ಸೀಮೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಇರಲಿ.

ಈ ಪ್ರಯಾಣಕ್ಕೆ ನನ್ನನ್ನು ಎಳೆದವಳು ಲಿಗಾಯಾ. ನಾನು ಹಲ್ಲು ಸ್ವಚ್ಛ ಮಾಡಿಸಲು ಹೋಗುವ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಫಿಲಿಪೀನ್ಸಿನ ಹೆಂಗಸು. ನಾನು ಬಾಯಿ ತೆರೆದುಕೊಂಡು ಕೂತಾಗಲೇ ಅವಳಿಗೆ ಮಾತು ಹೆಚ್ಚು. ಒಂದು ದಿನ ಹಾಗೇ ಹೇಳಿದಳು, ತಾನು ಒಂದು ಕಾಲದಲ್ಲಿ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ ಎಂದು. ಬ್ಯಾಂಡಿನ ಹೆಸರು ‘ಪಾಯೊಂಗ್’. ಅವರ ಭಾಷೆಯಲ್ಲಿ ಕೊಡೆ. ಮನಿಲಾ ಪಕ್ಕದ ಕೆಜೋನ್ ಸಿಟಿಯಲ್ಲಿ, ಅವಳ ಮಾವನ ತಗಡಿನ ಗ್ಯಾರೇಜಿನಲ್ಲಿ ನಾಲ್ವರು ಕಾಲೇಜು ಗೆಳೆಯರು ಶುರುಮಾಡಿದ್ದಂತೆ. ಸೂರು ಸೋರುತ್ತಿತ್ತು. ಆಂಪ್ಲಿಫಯರ್ ನೆನೆಯಬಾರದೆಂದು ಅದಕ್ಕೆ ಕೊಡೆ ಹಿಡಿದು ನುಡಿಸುತ್ತಿದ್ದರು, ಹೆಸರು ಅಲ್ಲಿಂದ ಬಂತು.

ತೊಂಬತ್ತರ ದಶಕದಲ್ಲಿ ಅವರಿಗೆ ಅಲ್ಲಿ ದೊಡ್ಡ ಹೆಸರು. ಗಿಟಾರು ಗರಗರ ಅನ್ನುತ್ತದೆ, ಆದರೆ ಅದರೊಳಗಿನ ರಾಗ ಮಗುವನ್ನು ಮಲಗಿಸುವಷ್ಟು ಮೆತ್ತಗೆ. ಮಾತು ಪೂರ್ತಿ ಅವರ ತಗಾಲೋಗ್ ಭಾಷೆ. ಎಲ್ಲರಿಗೂ ಬಾಯಿಪಾಠವಾದದ್ದು ಜೀಪ್ನಿಯ ಹಾಡು. ಜೀಪ್ನಿ ಎಂದರೆ ಅಲ್ಲಿನ ಬಣ್ಣಬಣ್ಣದ ಬಾಡಿಗೆ ಜೀಪು. ಹಿಂದೆ ಕೂತವರು ಕಾಸನ್ನು ಕೈಯಿಂದ ಕೈಗೆ ದಾಟಿಸಿ ಡ್ರೈವರಿಗೆ ಮುಟ್ಟಿಸಬೇಕು, ಚಿಲ್ಲರೆಯೂ ಹಾಗೆಯೇ ವಾಪಸು ಬರಬೇಕು. ಹುಡುಗನೊಬ್ಬ ಚಿಲ್ಲರೆ ಬರಲೆಂದೇ ದೊಡ್ಡ ನೋಟು ಕೊಡುತ್ತಾನೆ, ಮಧ್ಯದಲ್ಲಿ ಕೂತ ಹುಡುಗಿ ಎರಡು ಸಲ ತಿರುಗಿ ನೋಡಲಿ ಎಂದು. ನಾನು ಅದಕ್ಕೆ ಚಿಲ್ಲರೆ ಹಾಡು ಎಂದೇ ಹೆಸರಿಟ್ಟೆ.

ಹಾಡಿಗಿಂತ ದೊಡ್ಡದು ಅವರ ಹಠ. ಒಮ್ಮೆ ಟೀವಿಯವರು ರೆಕಾರ್ಡು ಹಾಕುತ್ತೇವೆ, ಬಾಯಿ ಆಡಿಸಿ ಸಾಕು ಎಂದರಂತೆ. ಗಾಯಕ ರಾಮಿಲ್ ಗಿಟಾರು ಕೆಳಗಿಟ್ಟು ಹೊರಗೆ ನಡೆದರು. ಆಮೇಲೆ ಎಷ್ಟೋ ವರ್ಷ ಟೀವಿಯವರು ಕರೆಯಲಿಲ್ಲ. ಜನ ಮಾತ್ರ ಮರೆಯಲಿಲ್ಲ: ಪಾಯೊಂಗ್ ಅಂದರೆ ಬಾಯಿ ಆಡಿಸದವರು. ಆಮೇಲೆ ಸಂಸಾರ, ಸಂಬಳ ಎಂದು ನಾಲ್ವರೂ ಚದುರಿದರು. ಕೊರೊನಾ ಕಾಲದಲ್ಲಿ ಅವರವರ ಮನೆಯಲ್ಲೇ ನುಡಿಸಿ, ಜೋಡಿಸಿ ಒಂದು ಹೊಸ ಆಲ್ಬಂ ಮಾಡಿದರು. ಅದು ಇಲ್ಲಿನ ಫಿಲಿಪಿನೋ ಜನರಿಗೆ ಹಿಡಿಸಿ ಈ ಪ್ರವಾಸ ಕೂಡಿಬಂತು. ಮೂರು ಊರಿನಲ್ಲೂ ಸೌಂಡು ನೋಡಿಕೊಳ್ಳಲು ಲಿಗಾಯಾ ನನ್ನನ್ನು ಕರೆದಳು.

ಶುಕ್ರವಾರ ಸಂಜೆ ಮೊದಲ ಕಾರ್ಯಕ್ರಮ, ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಸಮುದಾಯ ಭವನದಲ್ಲಿ. ಬಾಗಿಲಲ್ಲೇ ಊಟದ ಸಾಲು. ನಾನು ಮಾಂಸ ತಿನ್ನುವುದಿಲ್ಲವೆಂದು ಗೊತ್ತಾಗಿ ಯಾರೋ ಹಿರಿಯಕ್ಕ ಬರೀ ತರಕಾರಿಯ ಲುಂಪಿಯಾ ಕರಿದು ತಂದಿದ್ದರು. ಸ್ಪ್ರಿಂಗ್ ರೋಲಿನಂಥದ್ದು, ಆದರೆ ತೆಳ್ಳಗೆ, ಗರಿಗರಿ. ನಾನು ನಾಚದೆ ಏಳು ತಿಂದೆ.

ಚಿಲ್ಲರೆ ಹಾಡಿಗೆ ಪಿಟೀಲು ಬೇಕು. ಪಿಟೀಲಿನವರು ಮನಿಲಾದಿಂದ ಬಂದಿರಲಿಲ್ಲ. ಅದಕ್ಕೆ ಹಳೆಯ ರೆಕಾರ್ಡಿಂಗಿನ ಪಿಟೀಲನ್ನು ಮಾತ್ರ ಲ್ಯಾಪ್‌ಟಾಪಿನಿಂದ ಬಿಡುವುದು, ಡ್ರಮ್ಮರ್ ಅದರ ತಾಳವನ್ನು ಕಿವಿಯಲ್ಲಿ ಕೇಳಿಕೊಂಡು ನುಡಿಸುವುದು ಎಂದು ಮಾತಾಗಿತ್ತು. ಅದೇ ಫೈಲಿನಲ್ಲಿ ರಾಮಿಲರ ಹಳೆಯ ದನಿಯೂ ಇತ್ತು. ಅದನ್ನು ನಾನು ಮಿಕ್ಸರಿನಲ್ಲಿ ಪೂರ್ತಿ ಇಳಿಸಿಟ್ಟಿದ್ದೆ.

ಹಾಡಿನ ನಡುವೆ ಒಂದು ಸಾಲು ಎತ್ತರಕ್ಕೆ ಏರುತ್ತದೆ. ಅಲ್ಲಿಗೆ ಬಂದ ರಾಮಿಲ್ ತಟ್ಟನೆ ನಿಲ್ಲಿಸಿ ಮೈಕನ್ನು ಬಾಯಿಂದ ದೂರ ಹಿಡಿದರು. ನಮ್ಮ ಕೂಟದಲ್ಲಿ ಹಾಡುವವರು ಹಾಗೆ ನಿಂತರೆ ಅರ್ಥ ಒಂದೇ: ಗಂಟಲು ಕೈಕೊಟ್ಟಿದೆ, ಕಾಪಾಡು. ಎಷ್ಟು ಮಕ್ಕಳ, ಎಷ್ಟು ಅಧ್ಯಕ್ಷರ ಮಾನ ನಾನು ಹೀಗೆ ಉಳಿಸಿದ್ದೇನೋ. ಕೈ ತಾನಾಗಿ ಹೋಯಿತು, ಹಳೆಯ ದನಿಯನ್ನು ಮೇಲೆತ್ತಿದೆ. ಆದರೆ ಆ ಜನರಲ್ಲಿ ಮೈಕು ದೂರ ಹೋದರೆ ಮುಂದಿನ ಸಾಲನ್ನು ಹಾಡುವುದು ಸಭೆ. ಮುನ್ನೂರು ಜನ ಉಸಿರೆಳೆದು ಬಾಯಿ ತೆರೆಯುವಷ್ಟರಲ್ಲಿ ಸ್ಪೀಕರಿನಿಂದ ಇಪ್ಪತ್ತೆರಡು ವರ್ಷದ ರಾಮಿಲ್ ಹಾಡತೊಡಗಿದರು. ವೇದಿಕೆಯ ಮೇಲೆ ಐವತ್ತು ದಾಟಿದ ರಾಮಿಲ್ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಸಭೆ ತಣ್ಣಗಾಯಿತು. ಇಷ್ಟು ಹೊತ್ತೂ ಇವರು ಬಾಯಿ ಆಡಿಸುತ್ತಿದ್ದರೇ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಶನಿವಾರ ಬೆಳಿಗ್ಗೆ ನಮ್ಮೂರಿನ ನಡುವೆಯೇ ಹಾದುಹೋಗುವ ಇಪ್ಪತ್ತೊಂಬತ್ತನೇ ನಂಬರಿನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟೆವು. ಷಾರ್ಲೆಟ್ ಮುನ್ನೂರ ಎಪ್ಪತ್ತು ಮೈಲಿಯ ಹತ್ತಿರ. ಬ್ಯಾಂಡಿನವರು ಇನ್ನೊಂದು ವ್ಯಾನಿನಲ್ಲಿ ಹಿಂದೆ ಬರುತ್ತಿದ್ದರು. ಲಿಂಚ್‌ಬರ್ಗ್ ತನಕ ದಾರಿ ಕಾಣದಷ್ಟು ಇಬ್ಬನಿ, ಆಮೇಲೆ ಸಣ್ಣ ಮಳೆ. ಪೆಟ್ರೋಲಿಗೆ ನಿಂತಾಗ ನನ್ನ ಮೈದುನ ಫೋನು ನೋಡಿ ನಕ್ಕ.

“ಅತ್ತಿಗೆ, ನೀವು ಫೇಮಸ್ ಆಗ್ಬಿಟ್ರಿ. ನಿನ್ನೆ ವಿಡಿಯೋ ಎಲ್ಲಾ ಕಡೆ ಫಾರ್ವರ್ಡ್ ಆಗ್ತಿದೆಯಂತೆ. ಪಾಯೊಂಗ್ ಕೂಡ ಫೇಕ್ ಅಂತ ಹಾಕಿದಾರೆ.”

“ಸುಮ್ನೆ ಡ್ರೈವ್ ಮಾಡೋ,” ಎಂದೆ. ನನಗೆ ನಗು ಬರಲಿಲ್ಲ. ಮೂವತ್ತು ವರ್ಷ ಟೀವಿ ಬಿಟ್ಟು ಕಟ್ಟಿಕೊಂಡ ಹೆಸರನ್ನು ನಾನು ಒಂದು ಬೆರಳಲ್ಲಿ ಕೆಡಿಸಿದ್ದೆ.

ಷಾರ್ಲೆಟ್‌ನಲ್ಲಿ ಆ ಸಂಜೆ ಹೊಸ ಹಾಡುಗಳಿಗೆ ಚಪ್ಪಾಳೆ ಬಿತ್ತು. ಚಿಲ್ಲರೆ ಹಾಡನ್ನು ರಾಮಿಲ್ ಹಾಡಲೇ ಇಲ್ಲ. ಹಿಂದಿನ ಸಾಲಿನಿಂದ ಯಾರೋ ಒಬ್ಬ, ಲ್ಯಾಪ್‌ಟಾಪಿಗೆ ಹಾಡಲು ಹೇಳಿ ಎಂದು ಕೂಗಿದ. ಕೆಲವರು ನಕ್ಕರು. ರಾಮಿಲರೂ ನಕ್ಕಂತೆ ಮಾಡಿದರು. ಅಲ್ಲೇ ಬ್ಯಾಲಂಟೈನ್ ಬಡಾವಣೆಯ ನನ್ನ ಗೆಳತಿಯ ಮನೆಯಲ್ಲಿ ಬಿಸಿಬೇಳೆಬಾತ್ ಕಾದಿತ್ತು, ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ.

ಭಾನುವಾರ ಅಟ್ಲಾಂಟಾ ದಾರಿ. ನಾನು ಬ್ಯಾಂಡಿನ ವ್ಯಾನಿನಲ್ಲಿ ಲಿಗಾಯಾ ಪಕ್ಕ ಕೂತೆ. ಸೌತ್ ಕೆರೊಲಿನಾ ಗಡಿ ದಾಟಿದರೆ ಪೆಟ್ರೋಲು ಅಗ್ಗ. ಗ್ಯಾಫ್ನಿಯಲ್ಲಿ ಹೆದ್ದಾರಿ ಪಕ್ಕ ಪೀಚ್ ಹಣ್ಣಿನ ಆಕಾರದ ನೀರಿನ ಟ್ಯಾಂಕು ನಿಂತಿದೆ, ಎಲ್ಲರೂ ಇಳಿದು ಫೋಟೋ ತೆಗೆದುಕೊಂಡರು. ರಾಮಿಲ್ ಇಳಿಯಲಿಲ್ಲ. ನಾನು ಅವರ ಮುಂದಿನ ಸೀಟಿಗೆ ಹೋಗಿ ಕೂತೆ. ಆಡಿದ್ದು ಇಂಗ್ಲಿಷಿನಲ್ಲಿ, ನಮ್ಮ ಮಾತಿಗೆ ತಂದು ಬರೆಯುತ್ತಿದ್ದೇನೆ.

“ತಪ್ಪು ನಂದು ಅಂತ ಇವತ್ತು ಸ್ಟೇಜ್ ಮೇಲೆ ನಿಂತು ಹೇಳ್ತೀನಿ,” ಎಂದೆ.

“ಬೇಡ ಅಕ್ಕ. ಹೇಳಿದ್ರೆ ಯಾರೂ ನಂಬಲ್ಲ. ದುಡ್ಡು ಕೊಟ್ಟು ಹೇಳಿಸಿದಾರೆ ಅಂತಾರೆ.” ಬೆರಳಿನಿಂದ ತಮ್ಮ ಗಂಟಲು ತೋರಿಸಿದರು. “ಅದೂ ಅಲ್ದೆ, ಆ ಸಾಲು ನನ್ನ ಕೈಲಿ ಆಗಲ್ಲ. ಆರು ವರ್ಷ ಆಯ್ತು. ಅದಕ್ಕೇ ಜನರ ಕಡೆ ಮೈಕ್ ಹಿಡೀತೀನಿ. ಅವರಿಗೆ ಖುಷಿ, ನನ್ನ ಗುಟ್ಟೂ ಉಳಿಯುತ್ತೆ. ಅಟ್ಲಾಂಟಾ ಮುಗಿದ ಮೇಲೆ ಆ ಹಾಡೂ ಸಾಕು, ಬ್ಯಾಂಡೂ ಸಾಕು.”

ಲಿಗಾಯಾ ಕಿಟಕಿಯಾಚೆಯಿಂದ ಇದನ್ನು ಕೇಳಿಸಿಕೊಂಡಿದ್ದಳು. ಅವಳ ಮುಖ ನೋಡಿದೆ. ಈ ಪ್ರವಾಸ ಕೂಡಿಬರಲಿ ಎಂದು ಎರಡು ವರ್ಷ ಊರೂರಿಗೆ ಫೋನು ಮಾಡಿದವಳು ಅವಳು.

ನನಗೆ ಸಿಟ್ಟು ಬಂತು, ನನ್ನ ಮೇಲೆ, ಅವರ ಮೇಲೂ. “ಹಾಗಾದ್ರೆ ಇವತ್ತು ನಾನು ಎಲ್ಲಾ ಆಫ್ ಮಾಡ್ತೀನಿ. ಮೈಕ್, ಸ್ಪೀಕರ್, ಲ್ಯಾಪ್‌ಟಾಪ್, ಎಲ್ಲಾ. ಬರೀ ಗಂಟಲಲ್ಲಿ ಹಾಡಿ.”

“ದನಿ ಒಡೆಯುತ್ತೆ.”

“ಒಡೀಲಿ. ರೆಕಾರ್ಡು ಒಡೆಯಲ್ಲ. ಒಡೆದ್ರೆ ತಾನೇ ನೀವು ಅಂತ ಗೊತ್ತಾಗೋದು?”

ವ್ಯಾನು ಹೊರಟ ಮೇಲೆ ಜಾರ್ಜಿಯಾ ತನಕ ರಾಮಿಲ್ ಮೆಲ್ಲಗೆ ಆ ಸಾಲನ್ನೇ ಗುನುಗುತ್ತಿದ್ದರು.

ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಅಕ್ಟೋಬರಿಗೂ ಬಿಸಿಲಿತ್ತು. ಮಧ್ಯಾಹ್ನದ ಕಾರ್ಯಕ್ರಮ, ಚರ್ಚಿಗೆ ಹೋಗಿಬಂದವರು ಮಕ್ಕಳು ಮರಿ ಸಮೇತ ನೇರ ಅಲ್ಲಿಗೇ ಬಂದಿದ್ದರು. ಕೊನೆಯಲ್ಲಿ ರಾಮಿಲ್ ಮೈಕಿನ ಬಳಿ ಬಂದು ತಗಾಲೋಗ್‌ನಲ್ಲಿ ಏನೋ ಒಂದು ವಾಕ್ಯ ಹೇಳಿ, ನನ್ನ ಕಡೆ ತಲೆಯಾಡಿಸಿದರು. ನಾನು ಎಲ್ಲರಿಗೂ ಕಾಣುವಂತೆ ಎದ್ದು ನಿಂತು ಮೇನ್ ಸ್ವಿಚ್ಚನ್ನು ಆರಿಸಿದೆ, ಲ್ಯಾಪ್‌ಟಾಪನ್ನು ಮಡಚಿದೆ. ರಾಮಿಲ್ ಮಾಮೂಲು ಮರದ ಗಿಟಾರು ಹಿಡಿದು ವೇದಿಕೆಯ ಅಂಚಿಗೆ ಬಂದು ಕೂತರು.

ಹಾಡು ಶುರುವಾಯಿತು. ಸಣ್ಣ ದನಿ, ಆದರೆ ಹಿಂದಿನ ಗೋಡೆಯ ತನಕ ಬರುತ್ತಿತ್ತು. ಆ ಎತ್ತರದ ಸಾಲು ಹತ್ತಿರ ಬಂದಂತೆ ನನ್ನ ಕೈ ಮತ್ತೆ ಮಿಕ್ಸರಿನ ಮೇಲೆ ಹೋಗಿತ್ತು. ಆರಿಸಿದ ಮಿಕ್ಸರು. ಮಂಜು ನನ್ನ ಮಣಿಕಟ್ಟು ಹಿಡಿದು, “ಅತ್ತಿಗೆ, ಬಿಡಿ,” ಎಂದ.

ರಾಮಿಲ್ ಏರಿದರು. ದನಿ ಸೀಳಿ, ಗೊರಗೊರ ಎಂದು, ನಿಂತುಹೋಯಿತು. ಸಾಲು ಖಾಲಿ ಸಿಕ್ಕರೆ ಬಿಡದ ಜನ ಅವರು. ಯಾರೊಬ್ಬರೂ ಬಾಯಿ ತೆರೆಯಲಿಲ್ಲ. ಅಷ್ಟು ದೊಡ್ಡ ಸಭೆ ಸುಮ್ಮನೆ ಕಾಯಿತು. ರಾಮಿಲ್ ಮತ್ತೆ ಅದೇ ಸಾಲು ಹಿಡಿದರು, ಮತ್ತೆ ಒಡೆಯಿತು, ಆದರೆ ಈ ಸಲ ನಿಲ್ಲಿಸಲಿಲ್ಲ. ಒಡೆದ ದನಿಯಲ್ಲೇ ಸಾಲನ್ನು ಕೊನೆ ಮುಟ್ಟಿಸಿದರು. ಆಮೇಲೆ ಪಲ್ಲವಿಗೆ ಇಡೀ ಸಭೆ ಎದ್ದಿತು. ಲಿಗಾಯಾ ವೈರು ಚುಚ್ಚದ, ಸದ್ದೇ ಬಾರದ ಬೇಸ್ ಗಿಟಾರನ್ನು ನುಡಿಸುತ್ತಾ ಅಳುತ್ತಿದ್ದಳು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ.

ಜನ ಕರಗುವಾಗ ಮುಂದಿನ ಸಾಲಿನಲ್ಲಿದ್ದ, ತಲೆ ಪೂರ್ತಿ ನೆರೆತ ಒಬ್ಬ ಹೆಂಗಸು ರಾಮಿಲರ ಬಳಿ ಬಂದು ಏನೋ ಹೇಳಿದರು. ರಾಮಿಲ್ ಗಟ್ಟಿಯಾಗಿ ನಕ್ಕುಬಿಟ್ಟರು. ಮೂರು ದಿನದಲ್ಲಿ ಅವರು ನಿಜವಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಏನಂದರು ಎಂದು ಲಿಗಾಯಾಳನ್ನು ಕೇಳಿದೆ.

“ಕ್ಯಾಸೆಟ್ಟಿನಲ್ಲಿ ನೀನು ಹುಡುಗನಾಗೇ ಉಳ್ಕೊಂಡಿದ್ದೆ, ನನಗೊಬ್ಬಳಿಗೇ ವಯಸ್ಸಾಯ್ತು ಅಂತ ಬೇಜಾರಿತ್ತು. ಇವತ್ತು ಸಮಾಧಾನ ಆಯ್ತು, ಅಂದ್ರು.”

ಅಲ್ಲಿಯವರು ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಂಡು ನಮಸ್ಕರಿಸುತ್ತಾರೆ. ರಾಮಿಲ್ ತಮಾಷೆಗೆ ಆಕೆಯ ಕೈ ಹಿಡಿದು ಬಗ್ಗಿದರು. ಆಕೆ ಅವರ ಬೆನ್ನಿಗೊಂದು ಗುದ್ದಿ ಕೈ ಬಿಡಿಸಿಕೊಂಡರು. ರಾಮಿಲ್ ಬೆನ್ನು ಸವರಿಕೊಳ್ಳುತ್ತಾ ಲಿಗಾಯಾ ಕಡೆ ತಿರುಗಿ, ಮುಂದಿನ ವರ್ಷ ಯಾವ ಊರು ಎಂದು ಕೇಳಿದರು.