ಡ್ಯಾಶ್‌ಬೋರ್ಡಿನ ಹಳದಿ ದೀಪ

ಅಮೆರಿಕದ ಷಾರ್ಲೆಟ್‌ನಲ್ಲಿ ನನಗೆ ಕೆಲಸವಿತ್ತು, ಅಪಾರ್ಟ್‌ಮೆಂಟ್ ಇತ್ತು, ಹೊಸದರಂತಿದ್ದ ಒಂದು ಸೆಕೆಂಡ್‌ಹ್ಯಾಂಡ್ ಕಾರಿತ್ತು. ಮಾತಾಡಲು ಮಾತ್ರ ಯಾರೂ ಇರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಎರಡು ಸಾವಿರನೇ ಇಸವಿ ಬಂದಾಗ ಬ್ಯಾಂಕಿನ ಹಳೆಯ ಪ್ರೋಗ್ರಾಮುಗಳು ಎಲ್ಲೆಲ್ಲಿ ಎಡವುತ್ತವೆಂದು ಹುಡುಕುವುದು ನನ್ನ ಕೆಲಸ. ದಿನವಿಡೀ ಪರದೆಯ ಮುಂದೆ ಕೂತು, ಮನೆಗೆ ಬಂದು ಟಿವಿಗೆ ಕನ್ನಡದಲ್ಲಿ ಬೈಯುತ್ತಿದ್ದೆ. ಅದೂ ತಿರುಗಿ ಮಾತಾಡುತ್ತಿರಲಿಲ್ಲ.

ಹಾಗಾಗಿ ಶನಿವಾರ ಬಂತೆಂದರೆ ಬೆಳಿಗ್ಗೆಯೇ ಹೈವೇ ಹಿಡಿದು ನಾಲ್ಕು ಗಂಟೆ ದೂರದ ನಾರ್‌ಕ್ರಾಸ್‌ ಊರಿಗೆ ಹೊರಟುಬಿಡುತ್ತಿದ್ದೆ. ಅಲ್ಲಿ ಮೈಸೂರು ಕಡೆಯ ಒಬ್ಬ ಅಂಕಲ್, ಆಂಟಿ ಇದ್ದರು. ಯುಗಾದಿ ಊಟದಲ್ಲಿ ಪರಿಚಯವಾದಾಗ ಆಂಟಿ ನನ್ನ ಕೈ ಹಿಡಿದು, "ಪ್ರತಿ ವೀಕೆಂಡ್ ಬಂದ್ಬಿಡಮ್ಮ, ನಿನ್ ಮನೇನೇ ಅಂದ್ಕೋ" ಅಂದಿದ್ದರು. ನಾನು ಹಾಗೇ ಅಂದುಕೊಂಡೆ. ಅವರ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ, ನನ್ನ ಆಫೀಸಿನವರನ್ನೆಲ್ಲ ಆಡಿಕೊಂಡು ನಗುವ ಆ ಒಂದು ದಿನಕ್ಕಾಗಿ ಉಳಿದ ವಾರವನ್ನು ಹೇಗೋ ನೂಕುತ್ತಿದ್ದೆ. ಒಮ್ಮೆ ನಾನು ಹೋದಾಗ ಇಬ್ಬರೂ ಶೂ ಹಾಕಿಕೊಂಡು ಎಲ್ಲಿಗೋ ಹೊರಟಿದ್ದರು. ನನ್ನನ್ನು ನೋಡಿ ಶೂ ಬಿಚ್ಚಿಟ್ಟು ಕಾಫಿಗಿಟ್ಟರು. ಎಂಥ ಪ್ರೀತಿ ಎಂದು ನನ್ನ ಕಣ್ಣು ತುಂಬಿಬಂದಿತ್ತು.

ಒಂದು ಶನಿವಾರ ಅವರ ಮನೆ ಇನ್ನೇನು ಬಂತು ಎನ್ನುವಾಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಕಾರು ಚೆನ್ನಾಗಿಯೇ ಓಡುತ್ತಿತ್ತು. ಅಂಕಲ್ ಬಾನೆಟ್ ಎತ್ತಿ, ಡಾಕ್ಟರ ಹಾಗೆ ಹುಬ್ಬು ಗಂಟಿಕ್ಕಿ ನೋಡಿ, "ಏನಿಲ್ಲ ಕಣಮ್ಮ, ಯಾವ್ದೋ ಸೆನ್ಸರ್ ಇರ್ಬೇಕು. ಇಗ್ನೋರ್ ಮಾಡು" ಅಂದರು. ಆಂಟಿ ಪರ್ಸಿನಿಂದ ಒಂದು ಸ್ಟಿಕ್ಕರ್ ಬಿಂದಿ ತೆಗೆದು ಆ ದೀಪದ ಮೇಲೆ ಅಂಟಿಸಿದರು. "ಕಾಣಿಸ್ದಿದ್ರೆ ತಲೆನೋವೇ ಇಲ್ಲ. ಬಾ, ಕಾಫಿ ಕುಡಿ." ಮೂವರೂ ನಕ್ಕೆವು.

ನನ್ನದೋ, ಬೀಗ ಹಾಕಿದ ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡುವ ಜಾಯಮಾನ. ಆ ವಾರವೆಲ್ಲ ಬಿಂದಿಯನ್ನೇ ನೋಡಿಕೊಂಡು ಓಡಿಸಿ, ಶುಕ್ರವಾರ ತಡೆಯಲಾರದೆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬಿಂದಿಯನ್ನು ಉಗುರಿನಿಂದ ಎಬ್ಬಿಸಿ, ನನ್ನ ಹಣೆಯನ್ನೊಮ್ಮೆ ನೋಡಿ, ಏನೂ ಕೇಳದೆ ಸ್ಟೀರಿಂಗಿನ ಕೆಳಗೆ ಒಂದು ಕೇಬಲ್ ಸಿಕ್ಕಿಸಿದ. ಅವನ ಕೈಯಲ್ಲಿದ್ದ ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಒಂದು ಕೋಡ್ ಮೂಡಿತು. ಒಂದು ಸಿಲಿಂಡರಿನಲ್ಲಿ ಆಗಾಗ ಕಿಡಿ ಹೊತ್ತುತ್ತಿಲ್ಲ, ಕಿಡಿ ಕೊಡುವ ಕಾಯಿಲ್ ಹೋಗುತ್ತಿದೆ ಎಂದ. ಹಾಗೇ ಬಿಟ್ಟಿದ್ದರೆ ಉರಿಯದ ಪೆಟ್ರೋಲ್ ಹೊರಗೆ ಹೋಗುತ್ತ, ಹೊಗೆ ಶುದ್ಧಮಾಡುವ ದುಬಾರಿ ಭಾಗವನ್ನೇ ಸುಟ್ಟುಹಾಕುತ್ತಿತ್ತಂತೆ. ನನಗೇನೂ ಗೊತ್ತಾಗಲಿಲ್ಲವಲ್ಲ ಅಂದೆ. ನಿಮಗೆ ಗೊತ್ತಾಗುವಷ್ಟು ಕೆಡುವ ಮೊದಲೇ ಕಂಪ್ಯೂಟರಿಗೆ ಗೊತ್ತಾಗುತ್ತದೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದ. ಹೊಸ ಕಾಯಿಲ್ ಬರುವುದು ಸೋಮವಾರ. ಅಲ್ಲಿಯವರೆಗೆ ಊರೊಳಗೆ ನಿಧಾನಕ್ಕೆ ಓಡಿಸಿ, ಹೈವೇ ಮಾತ್ರ ಬೇಡ ಎಂದ.

ಕಾರು ಉಳಿಯಿತೆಂಬ ಸಮಾಧಾನಕ್ಕಿಂತ ಶನಿವಾರ ಹೋಯಿತೆಂಬ ಸಂಕಟವೇ ದೊಡ್ಡದಾಯಿತು. ಮನೆಗೆ ಬಂದವಳೇ ನಾರ್‌ಕ್ರಾಸ್‌ಗೆ ಫೋನ್ ಮಾಡಿದೆ. ಬರುತ್ತೇನೆಂದು ತಿಳಿಸಲು ನಾನು ಯಾವತ್ತೂ ಫೋನ್ ಮಾಡಿದವಳಲ್ಲ. ಅಂಕಲ್ ಎತ್ತಿಕೊಂಡು, ಕಾರಿನ ಕತೆಯೆಲ್ಲ ಕೇಳಿ, "ಒಂದ್ನಿಮ್ಷ, ಆಂಟಿನ ಕರೀತೀನಿ" ಎಂದರು. ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

"ಆ ಹುಡುಗಿ ನಾಳೆ ಬರಲ್ವಂತೆ ಕಣೇ."

"ಅಬ್ಬ, ಸದ್ಯ!" ಒಳಗಿನಿಂದ ಆಂಟಿಯ ದನಿ. "ಒಂದ್ ಶನಿವಾರನಾದ್ರೂ ನಾವ್‌ನಾವೇ ಇರ್ಬೋದು."

ಚಪ್ಪಲಿಯ ಸದ್ದು ಹತ್ತಿರ ಬಂತು.

"ಅಯ್ಯೋ, ಬರಲ್ವಾ ಪುಟ್ಟಿ? ಎಷ್ಟು ಬೇಜಾರಾಯ್ತು ಗೊತ್ತಾ! ನಿಂಗೇ ಅಂತ ಸಾರಿನಪುಡಿ ಮಾಡಿಟ್ಟಿದ್ದೆ. ನೆಕ್ಸ್ಟ್ ವೀಕ್ ಮಿಸ್ ಮಾಡ್ಬೇಡ, ಆಯ್ತಾ?"

"ಆಯ್ತು ಆಂಟಿ" ಅಂದೆ.

ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಅವರು ಕೆಟ್ಟವರಲ್ಲ. ನಾನೇ ಆ ಮನೆಗೆ ಬಿಸಿತುಪ್ಪವಾಗಿದ್ದೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಮ್ಮಮ್ಮನೂ ಕಂಡವರನ್ನೆಲ್ಲ ಬನ್ನಿ ಬನ್ನಿ ಎಂದು ಕರೆದು, ಅವರು ಹೋದ ಮೇಲೆ ಬಾಗಿಲು ಹಾಕಿ ಉಸ್ಸಪ್ಪಾ ಎನ್ನುತ್ತಿದ್ದವಳೇ. ಅದನ್ನು ನೋಡಿಕೊಂಡೇ ಬೆಳೆದವಳು ನಾನು. ಆದರೂ ಆ ಒಂಟಿತನದಲ್ಲಿ ದಾಕ್ಷಿಣ್ಯದ ಮಾತನ್ನು ನಿಜವೆಂದೇ ನಂಬಿದ್ದೆ, ನಂಬುವುದು ನನಗೆ ಬೇಕಿತ್ತು. ಆ ಸಂಜೆ ಸೋಫಾದ ಮೇಲೆ ಕೂತು ಗಟ್ಟಿಯಾಗಿ ಅತ್ತೆ.

ಸೋಮವಾರ ಹೊಸ ಕಾಯಿಲ್ ಬಂತು. ಅದನ್ನು ಹಾಕಿ, ಸ್ವಲ್ಪ ದೂರ ಓಡಿಸಿ ಬಂದು, ಮೆಕ್ಯಾನಿಕ್ ಮತ್ತೆ ಕೇಬಲ್ ಸಿಕ್ಕಿಸಿ ನೋಡಿದ. ಯಾವ ಕೋಡೂ ಬರಲಿಲ್ಲ. ಕೀ ನನ್ನ ಕೈಗಿಡುತ್ತ, ಇನ್ನು ಚಿಂತೆಯಿಲ್ಲ, ಈ ಶನಿವಾರ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ನಕ್ಕ. ಎಲ್ಲಿಗೆ ಎಂದು ಅವನನ್ನೇ ಕೇಳಿಬಿಡೋಣ ಅನಿಸಿತು.